ದೀಪಾವಳಿಯಿಂದ ಶಿವರಾತ್ರಿಯವರೆಗೆ: ನಮ್ಮ ಮಕ್ಕಳು ತರಗತಿಯಲ್ಲಿ ಕಲಿಯುತ್ತಿರುವುದೇನು?

ಮಕರ ಸಂಕ್ರಾಂತಿಯ ಸಂಜೆ ಕುರ್ಲಾ ಪೂರ್ವದ ನೆಹರೂ ನಗರದಲ್ಲಿರುವ ಹಿರಿಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಎಳ್ಳುಬೆಲ್ಲವನ್ನು ಕೈಗಿತ್ತ ಅವರ ಮೊಮ್ಮಗಳು, ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಮೂರನೇ ತರಗತಿ ಓದುವವಳು, ಅಜ್ಜನ ಮುಂದೆ ಒಂದು ದೂರನ್ನು ಇಟ್ಟಳು. “ಅಜ್ಜ, ನೀವು ಅರವತ್ತೇಳು ಅಂತೀರಿ. ಮರಾಠಿ ಟೀಚರ್ ಸದುಸಷ್ಟ್ ಅಂತಾರೆ. ಗಣಿತದ ಟೀಚರ್ ಸಿಕ್ಸ್‌ಟಿ ಸೆವೆನ್ ಅಂತಾರೆ. ಇದರಲ್ಲಿ ಯಾವುದು ಸರಿ?” ಅಜ್ಜ ನಕ್ಕು “ಮೂರೂ ಸರಿಯೇ ಮಗಾ” ಎಂದರು. ಮಗುವಿಗೆ ಸಮಾಧಾನವಾಗಲಿಲ್ಲ. “ಮೂರೂ ಸರಿಯಾದರೆ ಮೂರನ್ನೂ ಯಾಕೆ ಕಲೀಬೇಕು?” ಎಂದು ಕೇಳಿ ಆಡಲು ಓಡಿಹೋಯಿತು.

ಹಿರಿಯರಾದ ನಾವಿಬ್ಬರೂ ಆ ಪ್ರಶ್ನೆಗೆ ನೇರವಾದ ಉತ್ತರ ಕೊಡಲಾರದೆ ಹೋದೆವು. ಮಕ್ಕಳ ಅಂಕಪಟ್ಟಿಯನ್ನು ನಾವು ನೋಡುತ್ತೇವೆ, ಶುಲ್ಕದ ರಸೀದಿಯನ್ನು ಜೋಪಾನ ಮಾಡುತ್ತೇವೆ, ಟ್ಯೂಷನ್ನಿಗೆ ಕಳುಹಿಸುತ್ತೇವೆ. ಆದರೆ ಒಂದರಿಂದ ನಾಲ್ಕನೇ ತರಗತಿಯವರೆಗಿನ ಮಗು ತರಗತಿಯ ಒಳಗೆ ದಿನವೂ ಏನನ್ನು ಕಲಿಯುತ್ತಿದೆ, ಯಾವ ಭಾಷೆಯಲ್ಲಿ ಕಲಿಯುತ್ತಿದೆ, ನಿಜಕ್ಕೂ ಕಲಿಯುತ್ತಿದೆಯೇ ಎಂಬುದನ್ನು ಕೂತು ವಿಚಾರಿಸುವವರು ಎಷ್ಟು ಮಂದಿ? ಈ ವಿಚಾರಣೆಗೆ ಚಳಿಗಾಲಕ್ಕಿಂತ ತಕ್ಕ ಸಮಯ ಇನ್ನೊಂದಿಲ್ಲ.

ಮುಂಬಯಿಯಲ್ಲಿ ಪಾಠ ನಡೆಯುವ ಕಾಲ

ಉತ್ತರ ಭಾರತದಲ್ಲಿ ಚಳಿಗಾಲವೆಂದರೆ ಶಾಲೆಗೆ ರಜೆ. ದಿಲ್ಲಿ, ಲಖನೌಗಳಲ್ಲಿ ಜನವರಿಯ ಶೀತಕ್ಕೆ ಚಿಕ್ಕ ಮಕ್ಕಳ ತರಗತಿಗಳನ್ನು ಮುಚ್ಚುವುದು ವಾಡಿಕೆ. ನಮ್ಮ ಮುಂಬಯಿಯಲ್ಲಿ ಸಾಂತಾಕ್ರೂಝ್ ಕೇಂದ್ರವು 1962ರ ಜನವರಿ 22ರಂದು ದಾಖಲಿಸಿದ 7.4 ಡಿಗ್ರಿಯೇ ಇಂದಿಗೂ ಶೀತದ ದಾಖಲೆ. ಇಲ್ಲಿ ಶಾಲೆಗೆ ಅಡ್ಡಿಪಡಿಸುವುದು ಚಳಿಯಲ್ಲ, ಮಳೆ. ಜೂನ್ ಮಧ್ಯದಲ್ಲಿ ಶಾಲೆ ತೆರೆಯುತ್ತಿದ್ದಂತೆಯೇ ಮಳೆಗಾಲವೂ ತೆರೆದುಕೊಳ್ಳುತ್ತದೆ. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ನದಿ ಉಕ್ಕಿ ಕುರ್ಲಾದ ತಗ್ಗು ಪ್ರದೇಶಗಳು ಮುಳುಗಿದ್ದನ್ನು ಇಲ್ಲಿನ ಯಾವ ಕುಟುಂಬವೂ ಮರೆತಿಲ್ಲ. ಅಷ್ಟು ದೊಡ್ಡ ಅನಾಹುತ ನಡೆಯದ ವರ್ಷಗಳಲ್ಲೂ ಹಳಿಗಳ ಮೇಲೆ ನೀರು ನಿಂತ ದಿನ ಶಿಕ್ಷಕರು ಬರಲಾರರು, ಮಕ್ಕಳು ಬರಲಾರರು. ಆ ಬಳಿಕ ಗಣೇಶೋತ್ಸವ, ನವರಾತ್ರಿ, ಮೊದಲ ಸತ್ರದ ಪರೀಕ್ಷೆ, ದೀಪಾವಳಿಯ ರಜೆ.

ಹೀಗಾಗಿ ದೀಪಾವಳಿಯ ನಂತರ ಆರಂಭವಾಗುವ ಎರಡನೇ ಸತ್ರವೇ ನಮ್ಮ ಮಕ್ಕಳಿಗೆ ನಿಜವಾದ ಕಲಿಕೆಯ ಕಾಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಪಾಠಗಳು ಬಹುಮಟ್ಟಿಗೆ ಅಡೆತಡೆಯಿಲ್ಲದೆ ಸಾಗುತ್ತವೆ. ಮಾರ್ಚ್ ಬಂದರೆ ಪುನರಾವರ್ತನೆ, ಏಪ್ರಿಲ್ ಬಂದರೆ ವಾರ್ಷಿಕ ಪರೀಕ್ಷೆ. ಬೇಸಾಯಗಾರನಿಗೆ ಹಿಂಗಾರಿನ ಬೆಳೆ ಹೇಗೋ ಮುಂಬಯಿಯ ಶಾಲೆಗೆ ಚಳಿಗಾಲ ಹಾಗೆ. ಇದು ಕೈತಪ್ಪಿದರೆ ಆ ವರ್ಷದ ಫಸಲು ಕೈತಪ್ಪಿದಂತೆಯೇ.

ಪುಸ್ತಕದೊಳಗಿನ ಚಳಿಗಾಲ

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಪುಸ್ತಕಗಳನ್ನು ಸಿದ್ಧಪಡಿಸುವುದು 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ‘ಬಾಲಭಾರತಿ’ ಸಂಸ್ಥೆ. ಅದು ಮರಾಠಿಯ ಜೊತೆಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಯ ಮಗುವೂ ಮುಂಬಯಿಯ ಕನ್ನಡ ಶಾಲೆಯ ಮಗುವೂ ಕೈಯಲ್ಲಿ ಹಿಡಿಯುವುದು ಇದೇ ಸಂಸ್ಥೆಯ ಪುಸ್ತಕವನ್ನು.

ಈ ಪುಸ್ತಕಗಳ ಇತ್ತೀಚಿನ ಕಥೆ ಗಮನಾರ್ಹವಾಗಿದೆ. ಶಾಲಾಚೀಲದ ಭಾರ ಇಳಿಸುವ ಉದ್ದೇಶದಿಂದ 2023–24ರಲ್ಲಿ 2ರಿಂದ 8ನೇ ತರಗತಿಯವರೆಗಿನ ಪುಸ್ತಕಗಳನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ, ಎಲ್ಲ ವಿಷಯಗಳನ್ನೂ ಒಂದೇ ಹೊತ್ತಗೆಯಲ್ಲಿ ಸೇರಿಸಿ, ಪಾಠಗಳ ನಡುವೆ ಬರೆಯಲು ಖಾಲಿ ಹಾಳೆಗಳನ್ನು ಇಡಲಾಯಿತು. ಬೇರೆ ನೋಟ್‌ಬುಕ್ ಬೇಡವಾಗಬಹುದೆಂದು ಸರಕಾರ ಎಣಿಸಿತ್ತು. ಮಕ್ಕಳು ಪುಸ್ತಕವನ್ನೂ ತಂದರು, ನೋಟ್‌ಬುಕ್ಕನ್ನೂ ತಂದರು. ಎಣಿಕೆ ತಪ್ಪಿತೆಂದು ಕಂಡುಕೊಂಡ ಸರಕಾರ 2025ರ ಜನವರಿಯಲ್ಲಿ ಖಾಲಿ ಹಾಳೆಗಳ ಯೋಜನೆಯನ್ನು ಹಿಂತೆಗೆದುಕೊಂಡಿತು. ಎರಡೇ ವರ್ಷಗಳಲ್ಲಿ ಮಗುವಿನ ಪುಸ್ತಕದ ಆಕಾರ ಎರಡು ಬಾರಿ ಬದಲಾಯಿತು. 2025–26ರಿಂದ ಒಂದನೇ ತರಗತಿಗೆ ಹೊಸ ಪಠ್ಯಕ್ರಮವೂ ಬಂದಿದೆ. ಬದಲಾವಣೆ ತಪ್ಪಲ್ಲ. ಆದರೆ ಬದಲಾವಣೆಯ ಆಯಾಸವನ್ನು ಮೊದಲು ಅನುಭವಿಸುವವರು ಆರೇಳು ವರ್ಷದ ಮಕ್ಕಳು ಮತ್ತು ಅವರ ಶಿಕ್ಷಕಿಯರು ಎಂಬುದನ್ನು ನೆನಪಿಡಬೇಕು.

ಚಳಿಗಾಲದ ಪಾಠಗಳು ಪುಸ್ತಕದಲ್ಲಿ ಮಾತ್ರವಲ್ಲ, ಶಾಲೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೂ ಇವೆ. ಜನವರಿ 3 ಸಾವಿತ್ರಿಬಾಯಿ ಫುಲೆಯವರ ಜಯಂತಿ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಆ ತಾಯಿಯ ಕಥೆಯನ್ನು ಮಕ್ಕಳು ಅಂದು ಕೇಳುತ್ತಾರೆ. ಜನವರಿ 12 ಜೀಜಾಬಾಯಿ ಮತ್ತು ಸ್ವಾಮಿ ವಿವೇಕಾನಂದರ ಜಯಂತಿ. ಆ ಬಳಿಕ ಸಂಕ್ರಾಂತಿ, ಗಣರಾಜ್ಯೋತ್ಸವ, ಫೆಬ್ರುವರಿ 19ರ ಶಿವಾಜಿ ಜಯಂತಿ, 21ರ ವಿಶ್ವ ಮಾತೃಭಾಷಾ ದಿನ, 27ರ ಮರಾಠಿ ಭಾಷಾ ಗೌರವ ದಿನ, 28ರ ವಿಜ್ಞಾನ ದಿನ. ಮಹಾರಾಷ್ಟ್ರದಲ್ಲಿ ದಶಕಗಳಿಂದ ನಾಲ್ಕನೇ ತರಗತಿಯ ಇತಿಹಾಸವೆಂದರೆ ಶಿವಾಜಿ ಮಹಾರಾಜರ ಚರಿತ್ರೆ. ಇಲ್ಲಿ ಬೆಳೆದ ನಮ್ಮ ಮಕ್ಕಳು ಅದನ್ನು ಅಭಿಮಾನದಿಂದ ಓದುತ್ತಾರೆ, ಓದಬೇಕು.

ಆದರೆ ಆ ಪಾಠಕ್ಕೆ ನಮ್ಮ ಮನೆಯಿಂದ ಸೇರಬೇಕಾದ ಒಂದು ಪುಟವಿದೆ. ಶಿವಾಜಿಯ ತಂದೆ ಷಹಾಜಿ ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದರು. 1664ರಲ್ಲಿ ಅವರು ತೀರಿಕೊಂಡದ್ದು ಚನ್ನಗಿರಿ ಸಮೀಪದ ಹೊದಿಗೆರೆಯಲ್ಲಿ, ಅವರ ಸಮಾಧಿಯೂ ಅಲ್ಲಿಯೇ ಇದೆ. ಊರಿಗೆ ಹೋದಾಗ ಮಗುವಿಗೆ ಅದನ್ನು ತೋರಿಸಿದರೆ ಶಾಲೆಯ ಇತಿಹಾಸ ಮತ್ತು ಮನೆಯ ಭೂಗೋಳ ಎರಡೂ ಒಂದಾಗುತ್ತವೆ. ಹಾಗೆಯೇ ಶಾಲೆಯ ಕ್ಯಾಲೆಂಡರಿನಲ್ಲಿಲ್ಲದ ಎರಡು ದಿನಗಳು ನಮ್ಮ ಮನೆಯ ಕ್ಯಾಲೆಂಡರಿನಲ್ಲಿರಬೇಕು: ಡಿಸೆಂಬರ್ 29 ಕುವೆಂಪು ಜನ್ಮದಿನ, ಜನವರಿ 31 ಬೇಂದ್ರೆ ಜನ್ಮದಿನ. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕನ್ನಡದ ವರಕವಿಯಾದರು, ಮರಾಠಿಯಲ್ಲೂ ಬರೆದರು, ವರ್ಷಗಳ ಕಾಲ ಸೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದರು. ಎರಡು ಭಾಷೆಗಳು ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳಬಹುದು ಎಂಬುದಕ್ಕೆ ಮುಂಬಯಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಅಕ್ಷರದ ಮೆಟ್ಟಿಲುಗಳು

ಒಂದನೇ ತರಗತಿಯ ಮಗು ಇಂಗ್ಲಿಷಿನ 26 ಅಕ್ಷರಗಳನ್ನು ಮಳೆಗಾಲದಲ್ಲೇ ಮುಗಿಸಿಬಿಡುತ್ತದೆ. ಕನ್ನಡದ ಲೆಕ್ಕ ಬೇರೆ. ವರ್ಣಮಾಲೆಯಲ್ಲಿರುವುದು 49 ಅಕ್ಷರಗಳಾದರೂ 34 ವ್ಯಂಜನಗಳು 13 ಸ್ವರಗಳೊಡನೆ ಸೇರಿದಾಗ 442 ಗುಣಿತಾಕ್ಷರಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು. ಕನ್ನಡ ಕಲಿಯುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ಎತ್ತಿ ತೋರಿಸಿತು: ಇಂಗ್ಲಿಷಿನಂತಹ ಭಾಷೆಯ ಅಕ್ಷರಗಳಿಗೆ ಬೇಕಾಗುವುದಕ್ಕಿಂತ ಬಹಳ ಹೆಚ್ಚು ಕಾಲ ಕನ್ನಡದ ಅಕ್ಷರಜ್ಞಾನ ಪೂರ್ಣಗೊಳ್ಳಲು ಬೇಕಾಗುತ್ತದೆ, ಅದು ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಹಬ್ಬಿಕೊಳ್ಳುತ್ತದೆ.

ಇದರ ಅರ್ಥ ಕನ್ನಡ ಕಷ್ಟದ ಭಾಷೆ ಎಂದಲ್ಲ. ನಮ್ಮ ಲಿಪಿಯಲ್ಲಿ ಬರೆದಂತೆ ಓದಬಹುದು. ಒಮ್ಮೆ ಗುಟ್ಟು ತಿಳಿದರೆ ಯಾವ ಹೊಸ ಪದವನ್ನಾದರೂ ಓದಬಹುದು. ಆದರೆ ಆ ಗುಟ್ಟು ತಿಳಿಯುವವರೆಗೆ ತಾಳ್ಮೆ ಬೇಕು. ಒಂದನೇ ತರಗತಿಯ ಚಳಿಗಾಲದಲ್ಲಿ ಕಾಗುಣಿತ, ಎರಡನೇ ತರಗತಿಯ ಚಳಿಗಾಲದಲ್ಲಿ ಒತ್ತಕ್ಷರ, ಮೂರನೇ ತರಗತಿಯ ಚಳಿಗಾಲಕ್ಕೆ ತಡವರಿಸದ ಓದು ಎಂದು ಸುಮಾರಾಗಿ ಹೇಳಬಹುದು. ಕರ್ನಾಟಕದ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳಕೆಯೊಡೆದಾಗ ಇದೇ ತಾಳ್ಮೆಯನ್ನು ಆಧಾರವಾಗಿಸಿಕೊಂಡಿತು. ಅಲ್ಲಿ ಅ, ಆ, ಇ, ಈ ಎಂದು ಆರಂಭಿಸದೆ ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. ಐದು ಅಕ್ಷರ ಕಲಿತ ಮಗು ಅಂದೇ ‘ಸರ’, ‘ಅರಸ’, ‘ಗರಗಸ’ ಎಂದು ಓದಬಲ್ಲದು. ಓದಿದ್ದು ಅರ್ಥವಾದಾಗ ಹುಟ್ಟುವ ಸಂತೋಷವೇ ಮುಂದಿನ ಅಕ್ಷರಕ್ಕೆ ಪ್ರೇರಣೆ.

ಈಗ ಮುಂಬಯಿಯ ಕನ್ನಡ ಮಾಧ್ಯಮದ ಒಂದನೇ ತರಗತಿಯ ಮಗುವನ್ನು ಕಣ್ಣೆದುರಿಗೆ ತಂದುಕೊಳ್ಳಿ. ಮಾಧ್ಯಮದ ಭಾಷೆ ಕನ್ನಡ. 2000ದಿಂದ ರಾಜ್ಯದಲ್ಲಿ ಇಂಗ್ಲಿಷ್ ಒಂದನೇ ತರಗತಿಯಿಂದಲೇ ಕಡ್ಡಾಯ. 2020ರ ಕಾಯಿದೆಯ ಪ್ರಕಾರ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅಂದರೆ ಆರು ವರ್ಷದ ಮಗುವಿಗೆ ಮೂರು ಭಾಷೆ, ಮೂರು ಲಿಪಿ. ಮನೆಮಾತು ತುಳುವೋ ಕೊಂಕಣಿಯೋ ಲಂಬಾಣಿಯೋ ಆಗಿದ್ದರೆ ನಾಲ್ಕು ಭಾಷೆ.

2025ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಭಾಷಾ ವಿವಾದವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹಿಂದಿಯನ್ನು ಮೂರನೇ ಭಾಷೆಯಾಗಿ ಕಡ್ಡಾಯಗೊಳಿಸುವ ಆದೇಶ ಏಪ್ರಿಲ್ 16ರಂದು ಹೊರಬಂತು. ಜೂನ್ 17ರಂದು ಅದು ಸಡಿಲಗೊಂಡಿತು. ಜೂನ್ 29ರಂದು ಎರಡೂ ಆದೇಶಗಳನ್ನು ಹಿಂತೆಗೆದುಕೊಂಡು ಡಾ. ನರೇಂದ್ರ ಜಾಧವರ ನೇತೃತ್ವದಲ್ಲಿ ಸಮಿತಿಯನ್ನು ಸರಕಾರ ಘೋಷಿಸಿತು. ಚಿಕ್ಕ ಮಗುವಿಗೆ ಮೂರು ಭಾಷೆಗಳ ಹೊರೆ ಬೇಡವೆಂಬ ವಾದ ಆಗ ಎಲ್ಲೆಡೆ ಕೇಳಿಬಂತು. ಅದೇ ಹೊರೆಯನ್ನು ಕನ್ನಡ, ಉರ್ದು, ಗುಜರಾತಿ, ತಮಿಳು, ತೆಲುಗು ಶಾಲೆಗಳ ಮಕ್ಕಳು ಸದ್ದಿಲ್ಲದೆ ಹೊರುತ್ತಲೇ ಇದ್ದಾರೆ ಎಂಬ ಮಾತು ಮಾತ್ರ ಅಪರೂಪಕ್ಕೆ ಕೇಳಿಬಂತು. ಯಾವ ಭಾಷೆ ಎಂಬ ಜಗಳದಲ್ಲಿ ‘ಒಂದು ಭಾಷೆಯನ್ನಾದರೂ ಮಗು ಚೆನ್ನಾಗಿ ಓದುತ್ತಿದೆಯೇ’ ಎಂಬ ಮೂಲ ಪ್ರಶ್ನೆ ಹಿಂದೆ ಸರಿಯಿತು.

ಅರವತ್ತೇಳು ಮತ್ತು ಸದುಸಷ್ಟ್

ಇನ್ನು ಮಿತ್ರರ ಮೊಮ್ಮಗಳ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ‘ಅರವತ್ತೇಳು’ ಎಂದರೆ ಮೊದಲು ಅರವತ್ತು, ಬಳಿಕ ಏಳು. ಅಂಕೆಗಳನ್ನು ಬರೆಯುವ ಕ್ರಮವೂ ಅದೇ: 6, ಬಳಿಕ 7. ಮರಾಠಿಯ ‘ಸದುಸಷ್ಟ್’ನಲ್ಲಿ ಮೊದಲು ಏಳು ಕೇಳಿಸುತ್ತದೆ, ಬಳಿಕ ಅರವತ್ತು. ‘ಏಕೋಣತೀಸ್’ ಎಂದರೆ ಮೂವತ್ತಕ್ಕೆ ಒಂದು ಕಡಿಮೆ, ಅಂದರೆ 29. ಹಿಂದಿಯಲ್ಲೂ ಇದೇ ರೀತಿ.

ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕವು 2019ರಲ್ಲಿ ‘ಏಕವೀಸ್’ ಎಂಬುದರ ಜೊತೆಗೆ ‘ವೀಸ್ ಏಕ್’ ಎಂಬ ಹೊಸ ರೂಪವನ್ನೂ ಕೊಟ್ಟಿತು. ಹತ್ತರ ಸ್ಥಾನವನ್ನು ಮೊದಲು ಹೇಳಿದರೆ ಮಕ್ಕಳಿಗೆ ಸುಲಭ ಎಂಬುದು ಗಣಿತಜ್ಞೆ ಮಂಗಲಾ ನಾರಳೀಕರ್ ಅವರ ನೇತೃತ್ವದ ಸಮಿತಿಯ ಅಭಿಪ್ರಾಯವಾಗಿತ್ತು. ಮರಾಠಿಯ ಸೊಗಸು ಕೆಡುತ್ತದೆ ಎಂದು ದೊಡ್ಡ ಚರ್ಚೆಯೇ ನಡೆಯಿತು, ವಿಧಾನಮಂಡಲದಲ್ಲೂ ವಿಷಯ ಪ್ರತಿಧ್ವನಿಸಿತು. ಯಾವ ಪಕ್ಷ ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಮರಾಠಿಗರು ತಮ್ಮ ಭಾಷೆಯ ಸಂಖ್ಯಾಪದಗಳನ್ನು ಪ್ರೀತಿಸುವುದು ಸಹಜ. ಆದರೆ ಆ ಸಮಿತಿ ಮಕ್ಕಳಿಗೆ ಒದಗಿಸಲು ಹೊರಟ ಅನುಕೂಲ ಕನ್ನಡದ ಮಗುವಿಗೆ ಹುಟ್ಟಿನಿಂದಲೇ ದೊರೆತಿದೆ ಎಂಬುದನ್ನು ನಾವು ಗಮನಿಸಲೇ ಇಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ಅನುಭವದಿಂದ ಒಂದು ಮಾತು ಹೇಳಬಲ್ಲೆ. ‘ಪಂಚೇಚಾಳೀಸ್’ ಎಂದು ಬಾಯಲ್ಲಿ ಹೇಳಿಕೊಂಡು 54 ಎಂದು ಬರೆದು, ಆಮೇಲೆ ಹೊಡೆದುಹಾಕಿ 45 ಎಂದು ತಿದ್ದಿದ ಚೀಟಿಗಳನ್ನು ನಾನು ಎಷ್ಟೋ ಕಂಡಿದ್ದೇನೆ. ದೊಡ್ಡವರಿಗೇ ಹೀಗಾದರೆ ಏಳು ವರ್ಷದ ಮಗುವಿಗೆ ಗೊಂದಲವಾಗುವುದರಲ್ಲಿ ಆಶ್ಚರ್ಯವಿಲ್ಲ. ಚಳಿಗಾಲದಲ್ಲಿ ಎರಡನೇ ತರಗತಿಯ ಮಗು ಎರಡಂಕಿಯ ಕೂಡುವ ಕಳೆಯುವ ಲೆಕ್ಕಗಳನ್ನು ಕಲಿಯುವಾಗ ಮನೆಯಲ್ಲಿ ಕನ್ನಡದ ಎಣಿಕೆ ಕಿವಿಗೆ ಬಿದ್ದರೆ ಹತ್ತರ ಸ್ಥಾನ ತಾನಾಗಿಯೇ ಅರ್ಥವಾಗುತ್ತದೆ. ‘ಮೂರನ್ನೂ ಯಾಕೆ ಕಲೀಬೇಕು’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಮರಾಠಿಯ ಎಣಿಕೆ ಬೀದಿಯ ಬಾಳಿಗೆ, ಇಂಗ್ಲಿಷಿನ ಎಣಿಕೆ ತರಗತಿಗೆ, ಕನ್ನಡದ ಎಣಿಕೆ ಲೆಕ್ಕದ ತಿಳಿವಿಗೆ ಮತ್ತು ಅಜ್ಜನೊಡನೆ ಮಾತಿಗೆ.

ಓದು ಬರುತ್ತಿದೆಯೇ?

ಪ್ರತಿ ವರ್ಷದ ಜನವರಿಯಲ್ಲಿ ಪತ್ರಿಕೆಗಳು ‘ಅಸರ್’ ವರದಿಯನ್ನು ಚರ್ಚಿಸುವುದು ಬಹುಕಾಲದ ರೂಢಿ. 2025ರ ಜನವರಿ 28ರಂದು ಬಿಡುಗಡೆಯಾದ 2024ರ ವರದಿಯಂತೆ, ದೇಶದ ಗ್ರಾಮೀಣ ಪ್ರದೇಶದಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 27.1. ಕೋವಿಡ್ ಬಳಿಕದ 2022ರಲ್ಲಿ ಇದು 20.5 ಇತ್ತು. ಸರಕಾರಿ ಶಾಲೆಗಳಲ್ಲಿ 16.3ರಿಂದ 23.4ಕ್ಕೆ ಏರಿದೆ. ಐದನೇ ತರಗತಿಯ ಮಕ್ಕಳಲ್ಲೂ ಎರಡನೇ ತರಗತಿಯ ಪಾಠ ಓದಬಲ್ಲವರು ಶೇಕಡಾ 48.8 ಮಾತ್ರ. ಚೇತರಿಕೆ ಕಾಣುತ್ತಿದೆ, ನಿಜ. ಆದರೂ ನಾಲ್ವರಲ್ಲಿ ಸುಮಾರು ಮೂವರು ಮಕ್ಕಳು ಮೂರನೇ ತರಗತಿಯಲ್ಲಿ ತಮಗಿಂತ ಕೆಳಗಿನ ಮಟ್ಟದ ಪಾಠವನ್ನು ಓದಲಾರರು ಎಂಬುದು ಸಣ್ಣ ಸಂಗತಿಯಲ್ಲ.

ಈ ಸಮೀಕ್ಷೆ ಹಳ್ಳಿಗಳಿಗೆ ಸೀಮಿತ. ಕುರ್ಲಾದ ಮಗು ಅದರ ಲೆಕ್ಕದಲ್ಲಿಲ್ಲ. ಮೂರು ಭಾಷೆಗಳ ನಡುವೆ ಬೆಳೆಯುವ, ಹತ್ತಡಿಯ ಕೋಣೆಯಲ್ಲಿ ಓದುವ ನಗರದ ಮಗು ಎಷ್ಟು ಓದಬಲ್ಲದು ಎಂಬುದನ್ನು ಆ ಅಂಕಿಗಳಿಂದ ಊಹಿಸಲಾಗದು. ವಿಪರ್ಯಾಸವೆಂದರೆ ಅಸರ್ ಸಮೀಕ್ಷೆ ನಡೆಸುವ ‘ಪ್ರಥಮ್’ ಸಂಸ್ಥೆ ಹುಟ್ಟಿದ್ದು 1995ರಲ್ಲಿ ನಮ್ಮ ಮುಂಬಯಿಯಲ್ಲಿ, ಇಲ್ಲಿನ ಕೊಳೆಗೇರಿಗಳ ಮಕ್ಕಳಿಗಾಗಿ.

ಆ ಸಂಸ್ಥೆಯ ‘ಬಾಲಸಖಿ’ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಮುಂಬಯಿ ಮತ್ತು ವಡೋದರಾಗಳಲ್ಲಿ, ಮೂರು ಮತ್ತು ನಾಲ್ಕನೇ ತರಗತಿಯಲ್ಲಿ ಹಿಂದುಳಿದ 15–20 ಮಕ್ಕಳನ್ನು ಅದೇ ಬಡಾವಣೆಯ ಯುವತಿಯೊಬ್ಬಳು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು ಮೂಲ ಓದು ಬರಹ ಲೆಕ್ಕಗಳನ್ನು ಕಲಿಸುತ್ತಿದ್ದಳು. ಆಕೆಗೆ ಶಿಕ್ಷಕಿಯ ಪದವಿ ಇರಲಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದುಳಿದ ಮಕ್ಕಳ ಕಲಿಕೆಯಲ್ಲಿ ಗಣನೀಯ ಪ್ರಗತಿಯಾಗಿತ್ತು. 2019ರಲ್ಲಿ ಇವರಿಬ್ಬರಿಗೆ ಮೈಕೆಲ್ ಕ್ರೆಮರ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ದೊರೆತದ್ದು ಇಂತಹ ಪ್ರಯೋಗಗಳ ಬಲದಿಂದಲೇ. ಮಗು ಯಾವ ತರಗತಿಯಲ್ಲಿ ಕುಳಿತಿದೆ ಎನ್ನುವುದಕ್ಕಿಂತ ಯಾವ ಮಟ್ಟದಲ್ಲಿದೆ ಎಂದು ನೋಡಿ ಕಲಿಸಬೇಕೆಂಬುದು ಅದರ ಸಾರ.

ಈ ಮಾತಿಗೆ ಈಗ ಹಿಂದೆಂದಿಗಿಂತ ಹೆಚ್ಚಿನ ತುರ್ತು ಇದೆ. ಕೇಂದ್ರ ಸರಕಾರ 2021ರ ಜುಲೈಯಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಯೋಜನೆ 2026–27ರೊಳಗೆ ಮೂರನೇ ತರಗತಿಯ ಪ್ರತಿ ಮಗುವಿಗೂ ಓದು ಲೆಕ್ಕಗಳು ಬರಬೇಕೆಂಬ ಗುರಿಯಿಟ್ಟಿತು. ಇನ್ನೊಂದೆಡೆ ಮಹಾರಾಷ್ಟ್ರ ಸರಕಾರ 2023ರಲ್ಲಿ ನಿಯಮಗಳನ್ನು ತಿದ್ದಿ 5 ಮತ್ತು 8ನೇ ತರಗತಿಗಳಿಗೆ ವಾರ್ಷಿಕ ಪರೀಕ್ಷೆಯನ್ನು ಮರಳಿ ತಂದಿತು. ಮರುಪರೀಕ್ಷೆಯಲ್ಲೂ ತೇರ್ಗಡೆಯಾಗದ ಮಗು ಅದೇ ತರಗತಿಯಲ್ಲಿ ಉಳಿಯಬೇಕು. ಎರಡನೇ ತರಗತಿಯ ಚಳಿಗಾಲದಲ್ಲಿ ಒತ್ತಕ್ಷರ ತಪ್ಪಿಸಿಕೊಂಡ ಮಗು ಐದನೇ ತರಗತಿಯ ಬಾಗಿಲಲ್ಲಿ ನಿಲ್ಲಬೇಕಾದೀತು. ಹಿಂದೆ 4 ಮತ್ತು 7ನೇ ತರಗತಿಗಳಿಗಿದ್ದು ನಡುವೆ 5 ಮತ್ತು 8ಕ್ಕೆ ಏರಿದ್ದ ವಿದ್ಯಾರ್ಥಿವೇತನ ಪರೀಕ್ಷೆಯನ್ನು ಮತ್ತೆ 4 ಮತ್ತು 7ಕ್ಕೆ ತರುವ ನಿರ್ಧಾರವೂ 2025ರಲ್ಲಿ ಆಗಿದೆ. ಈ ಪರೀಕ್ಷೆಯನ್ನು ಬರೆಯಬಹುದಾದ ಮಾಧ್ಯಮಗಳಲ್ಲಿ ಕನ್ನಡವೂ ಒಂದು ಎಂಬುದು ಬಹಳ ಮಂದಿ ಕನ್ನಡಿಗರಿಗೇ ತಿಳಿದಿಲ್ಲ.

ನಿದ್ದೆ ಮತ್ತು ಗಾಳಿ

ಕಲಿಕೆಗೆ ಪುಸ್ತಕದಷ್ಟೇ ಮುಖ್ಯವಾದವು ನಿದ್ದೆ ಮತ್ತು ಗಾಳಿ. ಜಾಗದ ಅಭಾವದಿಂದ ಮುಂಬಯಿಯ ಅನೇಕ ಶಾಲೆಗಳು ಎರಡು ಪಾಳಿಗಳಲ್ಲಿ ನಡೆಯುತ್ತವೆ. ತಂದೆತಾಯಿ ರಾತ್ರಿ ಹತ್ತಕ್ಕೆ ಮನೆ ಸೇರುವ ಊರಿನಲ್ಲಿ ಮಗು ಬೇಗ ಮಲಗುವುದೆಂತು, ಬೆಳಗಿನ ಏಳಕ್ಕೆ ಶಾಲೆಗೆ ಹೊರಡುವುದೆಂತು? 2023ರ ಡಿಸೆಂಬರಿನಲ್ಲಿ ಅಂದಿನ ರಾಜ್ಯಪಾಲ ರಮೇಶ್ ಬೈಸ್ ಅವರು ಮಕ್ಕಳ ನಿದ್ದೆಯ ಪ್ರಶ್ನೆಯನ್ನು ಎತ್ತಿದರು. 2024ರ ಫೆಬ್ರುವರಿಯಲ್ಲಿ ಸರಕಾರ ನಾಲ್ಕನೇ ತರಗತಿಯವರೆಗಿನ ತರಗತಿಗಳು ಬೆಳಿಗ್ಗೆ 9ಕ್ಕೆ ಅಥವಾ ಆ ಬಳಿಕ ಆರಂಭವಾಗಬೇಕೆಂದು ಆದೇಶಿಸಿತು. ಶಾಲಾ ಬಸ್ಸುಗಳ ಮಾಲಕರು, ಎರಡು ಪಾಳಿಯ ಶಾಲೆಗಳು ತಮ್ಮ ಅಡಚಣೆಗಳನ್ನು ಮುಂದಿಟ್ಟರು. ಆದೇಶದ ಉದ್ದೇಶ ಒಳ್ಳೆಯದೇ. ಆದರೆ ಮಗುವನ್ನು ಹತ್ತು ಗಂಟೆಯೊಳಗೆ ಮಲಗಿಸುವ ಆದೇಶವನ್ನು ಮನೆಯವರೇ ಹೊರಡಿಸಬೇಕು.

ಇನ್ನು ಗಾಳಿ. ಚಳಿಗಾಲದಲ್ಲಿ ಸಮುದ್ರದ ಗಾಳಿ ಮಂದವಾಗಿ, ಧೂಳು ಹೊಗೆಗಳು ನೆಲದ ಸಮೀಪದಲ್ಲೇ ನಿಲ್ಲುತ್ತವೆ. 2023ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯ ವಾಯುಮಾಲಿನ್ಯದ ವಿಚಾರವನ್ನು ಸ್ವತಃ ಕೈಗೆತ್ತಿಕೊಂಡಿತು. ಕುರ್ಲಾದಂತಹ ಕಿಕ್ಕಿರಿದ ಉಪನಗರದಲ್ಲಿ ಕೆಮ್ಮಿನಿಂದ ಶಾಲೆ ತಪ್ಪಿಸುವ ಮಗುವಿನ ಗೈರುಹಾಜರಿ ಕಲಿಕೆಯ ಅತ್ಯುತ್ತಮ ತಿಂಗಳುಗಳಲ್ಲೇ ಬರುತ್ತದೆ. ತಪ್ಪಿದ ಪಾಠವನ್ನು ಮನೆಯಲ್ಲಿ ಹೇಳಿಕೊಡುವವರಿದ್ದರೆ ಸರಿ, ಇಲ್ಲದಿದ್ದರೆ ಅದು ತಪ್ಪಿದಂತೆಯೇ.

ಕನ್ನಡ ಶಾಲೆಯ ಬೆಂಚಿನಲ್ಲಿ ಯಾರಿದ್ದಾರೆ?

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತದೆ. ಕನ್ನಡವೂ ಅವುಗಳಲ್ಲಿ ಒಂದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿರುವೆಡೆ ಐದನೇ ತರಗತಿಯವರೆಗಾದರೂ ಮಾತೃಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ. ಜಗತ್ತಿನ ಜನರಲ್ಲಿ ಶೇಕಡಾ 40ರಷ್ಟು ಮಂದಿಗೆ ತಾವು ಆಡುವ ಅಥವಾ ತಿಳಿಯುವ ಭಾಷೆಯಲ್ಲಿ ಶಿಕ್ಷಣ ದೊರೆಯುತ್ತಿಲ್ಲವೆಂದು ಯುನೆಸ್ಕೋ 2016ರಲ್ಲಿ ಎಚ್ಚರಿಸಿತ್ತು. ಕಾಗದದ ಮೇಲೆ ಬೆಂಬಲಕ್ಕೆ ಕೊರತೆಯಿಲ್ಲ.

ಆದರೆ ತರಗತಿಯಲ್ಲಿ? 20ನೇ ಶತಮಾನದ ಆರಂಭದ ದಶಕಗಳಲ್ಲಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಹುಡುಗರಿಗಾಗಿ ನಮ್ಮ ಹಿರಿಯರು ಕನ್ನಡ ರಾತ್ರಿ ಶಾಲೆಗಳನ್ನು ಕಟ್ಟಿದರು. ಹಗಲು ಲೋಟ ತೊಳೆದು ರಾತ್ರಿ ಅಕ್ಷರ ತಿದ್ದಿದ ಆ ಪೀಳಿಗೆಯೇ ಇಂದಿನ ಸಂಘಸಂಸ್ಥೆಗಳನ್ನು, ಸಭಾಗೃಹಗಳನ್ನು, ಕಾಲೇಜುಗಳನ್ನು ಕಟ್ಟಿತು. 1927ರಲ್ಲಿ ಸ್ಥಾಪನೆಯಾದ ಬಂಟರ ಸಂಘದ ಬಂಟರ ಭವನ ಕುರ್ಲಾ ಪೂರ್ವದಲ್ಲೇ ತಲೆಯೆತ್ತಿ ನಿಂತಿರುವುದು, ಅಲ್ಲಿ ಕಾಲೇಜು ನಡೆಯುತ್ತಿರುವುದು ಆ ಪರಂಪರೆಯ ಫಲ. ಆ ಹಿರಿಯರ ಮಕ್ಕಳು ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಇದನ್ನು ತಪ್ಪೆಂದು ಹೇಳುವ ಅಧಿಕಾರ ನನಗಿಲ್ಲ. ನನ್ನ ಮಕ್ಕಳೂ ಅದೇ ದಾರಿ ಹಿಡಿದವರು. ಪ್ರಾಥಮಿಕ ಹಂತದ ಮಾಧ್ಯಮವನ್ನು ಸರಕಾರ ಹೇರಲಾಗದು, ಆಯ್ಕೆ ಪಾಲಕರದು ಎಂದು ಕರ್ನಾಟಕದ ಪ್ರಕರಣದಲ್ಲೇ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ.

ಇಂದು ಪಾಲಿಕೆಯ ಕನ್ನಡ ಶಾಲೆಗಳ ಬೆಂಚುಗಳಲ್ಲಿ ಕುಳಿತವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಕಟ್ಟಡ ಕೆಲಸ, ರಸ್ತೆ ಕೆಲಸ ಮಾಡುವವರ ಮಕ್ಕಳು. ಅವರಿಗೆ ಚಳಿಗಾಲವೆಂದರೆ ಸ್ಥಳಾಂತರದ ಕಾಲವೂ ಹೌದು. ಮುಂಗಾರಿನ ಬೆಳೆ ಮುಗಿದ ಮೇಲೆ ಊರಿನಿಂದ ಕುಟುಂಬಗಳು ಹೊರಡುತ್ತವೆ. ಮಗು ಅಲ್ಲಿನ ಶಾಲೆಯನ್ನು ನಡುವೆ ಬಿಟ್ಟು ಇಲ್ಲಿಗೆ ಬರುತ್ತದೆ, ಇಲ್ಲವೇ ಇಲ್ಲಿಯ ಶಾಲೆ ಬಿಟ್ಟು ಜಾತ್ರೆಗೆ ಊರಿಗೆ ಹೋದದ್ದು ತಿಂಗಳು ಕಳೆದರೂ ಮರಳುವುದಿಲ್ಲ. ಅಲ್ಲಿ ‘ನಲಿ-ಕಲಿ’, ಇಲ್ಲಿ ‘ಬಾಲಭಾರತಿ’. ಎರಡೂ ಕನ್ನಡವೇ ಆದರೂ ಪುಸ್ತಕ ಬೇರೆ, ಕ್ರಮ ಬೇರೆ. ಅಂತಹ ಮಗುವಿಗೆ ಈ ಮಹಾನಗರದಲ್ಲಿ ತಿಳಿಯುವ ಒಂದೇ ಜಾಗ ಕನ್ನಡ ಶಾಲೆಯ ಕೋಣೆ. ಮಕ್ಕಳ ಸಂಖ್ಯೆ ಇಳಿದು ಆ ಕೋಣೆಗೆ ಬೀಗ ಬಿದ್ದರೆ, ಸಭಾಗೃಹಗಳಲ್ಲಿ ರಾಜ್ಯೋತ್ಸವ ಆಚರಿಸುವ ನಮಗೆ ನಷ್ಟವೇನೂ ಆಗದಿರಬಹುದು. ಆ ಮಗುವಿನ ಶಾಲೆ ಮಾತ್ರ ಅಲ್ಲಿಗೇ ಮುಗಿಯುತ್ತದೆ.

ನಮ್ಮಿಂದಾಗುವುದೇನು?

ನೆಲೆಯೂರಿದ ಕುಟುಂಬಗಳಾದ ನಾವು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಮೊದಲನೆಯದು ಮನೆಯಲ್ಲಿ. ದಿನಕ್ಕೆ ಕಾಲು ಗಂಟೆ ಮಗುವಿನಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ ಕೇಳೋಣ. ಇಂಗ್ಲಿಷಾದರೂ ಸರಿ, ಮರಾಠಿಯಾದರೂ ಸರಿ. ಓದಿದ್ದನ್ನು ಕನ್ನಡದಲ್ಲಿ ಹೇಳಿಸೋಣ. ಅಂಕಪಟ್ಟಿ ಹೇಳದ ಸತ್ಯವನ್ನು ಆ ಕಾಲು ಗಂಟೆ ಹೇಳುತ್ತದೆ. ಮಾರುಕಟ್ಟೆಗೆ ಹೋದಾಗ ಚಿಲ್ಲರೆಯನ್ನು ಕನ್ನಡದಲ್ಲಿ ಎಣಿಸಲು ಹೇಳೋಣ. ಊರಿನ ಅಜ್ಜಿಗೆ ತಿಂಗಳಿಗೊಂದು ಸಾಲು ಕನ್ನಡದಲ್ಲಿ ಬರೆಸೋಣ. ತಪ್ಪಿದ್ದರೂ ಅಜ್ಜಿ ಓದಿಕೊಳ್ಳುತ್ತಾರೆ.

ಎರಡನೆಯದು ಸಂಘಗಳಲ್ಲಿ. ಚಳಿಗಾಲವೆಂದರೆ ನಮ್ಮ ಸಂಘಗಳಿಗೆ ವಾರ್ಷಿಕೋತ್ಸವ, ಯಕ್ಷಗಾನ, ಸನ್ಮಾನಗಳ ಸುಗ್ಗಿ. ಒಂದು ಸನ್ಮಾನದ ಶಾಲು ಹಾರ ಫಲಪುಷ್ಪಗಳಿಗೆ ತಗಲುವ ವೆಚ್ಚದಲ್ಲಿ ಒಂದು ತರಗತಿಗೆ ಕಥೆಪುಸ್ತಕಗಳು ಬರುತ್ತವೆ. ಸನ್ಮಾನ ಬೇಡವೆನ್ನುತ್ತಿಲ್ಲ. ಪ್ರತಿ ಸನ್ಮಾನದ ಜೊತೆಗೆ ಒಂದು ಪುಸ್ತಕದ ಕಟ್ಟು ಕನ್ನಡ ಶಾಲೆಯೊಂದಕ್ಕೆ ಹೋಗಲಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸಮಯ. ನಮ್ಮಲ್ಲಿ ನಿವೃತ್ತ ಶಿಕ್ಷಕಿಯರಿದ್ದಾರೆ, ಬ್ಯಾಂಕು ಕಚೇರಿಗಳಿಂದ ನಿವೃತ್ತರಾದವರಿದ್ದಾರೆ, ಕಾಲೇಜು ಓದುವ ಮಕ್ಕಳಿದ್ದಾರೆ. ಬಾಲಸಖಿಯರಿಗೂ ಪದವಿ ಇರಲಿಲ್ಲ ಎಂಬುದನ್ನು ನೆನೆಯೋಣ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, ಹತ್ತು ಮಕ್ಕಳೊಂದಿಗೆ ಕೂತರೆ ದೀಪಾವಳಿಯಿಂದ ಶಿವರಾತ್ರಿಯೊಳಗೆ ಒತ್ತಕ್ಷರಗಳನ್ನು ದಾಟಿಸಬಹುದು.

ಆ ಸಂಜೆ ಹೊರಡುವಾಗ ಮೊಮ್ಮಗಳು ಮತ್ತೆ ಬಂದಳು. ಅಜ್ಜ ಕೈಗೆ ಎಳ್ಳುಬೆಲ್ಲದ ಪೊಟ್ಟಣಗಳನ್ನು ಕೊಟ್ಟು, ನೆರೆಮನೆಗಳಿಗೆ ಹಂಚಲು ಎಷ್ಟಿವೆಯೆಂದು ಎಣಿಸಲು ಹೇಳಿದರು. ಅವಳು ಕನ್ನಡದಲ್ಲೇ ಎಣಿಸತೊಡಗಿದಳು. ಹತ್ತೊಂಬತ್ತರವರೆಗೆ ಸರಾಗವಾಗಿ ಸಾಗಿತು. ಮುಂದೆ ಕ್ಷಣ ನಿಂತು ಅಜ್ಜನ ಮುಖ ನೋಡಿದಳು. ಅಜ್ಜ “ಇಪ್ಪತ್ತು” ಎಂದರು. ಅಲ್ಲಿಂದ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.